ಶಂಕರೆಪ್ಪ ಮದುಮಗಳನ್ನು ಎತ್ತಿದ್ದು

ಕೆಳಗೆ ಕುಳಿತ ಮನುಷ್ಯ ಮೇಲೆ ಏಳುವುದು ದೊಡ್ಡ ಸುದ್ದಿಯೇನಲ್ಲ. ದಿನವೂ ಊರೂರಲ್ಲಿ ಜನ ಏಳುತ್ತಾರೆ, ಅದನ್ನು ಯಾರೂ ನೋಡುತ್ತ ಕೂಡುವುದಿಲ್ಲ. ಆದರೆ ತಿಕೋಟೆಯ ದುಂಡವ್ವನ ಪಡಸಾಲೆಯಲ್ಲಿ, ಬಬಲೇಶ್ವರದ ಬೀಗರೆಲ್ಲ ಗೋಡೆಗೊರಗಿ ಸಾಲಾಗಿ ಕುಳಿತಿದ್ದಾಗ, ಅವಳ ಅಣ್ಣ ಶಂಕರೆಪ್ಪ ಎಲೆ ಅಡಿಕೆಯ ತಟ್ಟೆ ತರಲೆಂದು ಎದ್ದದ್ದು ಮಾತ್ರ ಸುದ್ದಿಯಾಗಿಬಿಟ್ಟಿತು. ಮೊದಲು ಬಲಗೈ ನೆಲಕ್ಕೂರಿದ. ಆಗಲಿಲ್ಲ. ಎಡಗೈಯಿಂದ ಕಂಬ ಹಿಡಿದ. ಅರ್ಧ ಎದ್ದು ಮತ್ತೆ ಕುಳಿತ. "ಯಪ್ಪಾ ಶಿವನ" ಅಂದ. ಮೂರನೆಯ ಸಲಕ್ಕೆ ಮೊಳಕಾಲು ಚಟ್ಟೆಂದು ಸಪ್ಪಳ ಮಾಡಿತು, ಮನುಷ್ಯ ಎದ್ದ.

ವರನ ಅಜ್ಜ ಗುರಲಿಂಗಪ್ಪನವರು ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿಟ್ಟುಕೊಂಡು ಕುಳಿತಿದ್ದರು. ಅವರು ಮೀಸೆ ಒರೆಸಿಕೊಂಡು ಕೇಳಿದರು: "ಅಲ್ಲರಿ, ಹೆಣ್ಣಿನ ಸ್ವಾದರಮಾವ ಇವರ ಏನು?"

"ಹೌದ್ರಿ, ನಮ್ಮಣ್ಣ," ಅಂದಳು ದುಂಡವ್ವ.

"ಮದುವಿ ದಿನಾ ಹುಡುಗೀನ ಎತ್ತವರು ಇವರ ಏನು?"

ದುಂಡವ್ವ ಅಣ್ಣನ ಮೊಳಕಾಲಿನ ಕಡೆ ನೋಡಿದಳು. ಅದೇ ಉತ್ತರವಾಯಿತು.

ಈ ಎತ್ತುವ ವಿಚಾರ ಸ್ವಲ್ಪ ಹೇಳಬೇಕು. ಅವರ ಮನೆತನದಲ್ಲಿ ಮದುಮಗಳು ಮದುವೆಯ ದಿನ ಹೊಸ್ತಿಲು ದಾಟುವುದು ಸ್ವಂತ ಕಾಲಿನಿಂದಲ್ಲ. ಸೋದರಮಾವ ಅವಳನ್ನು ಎರಡೂ ಕೈಮೇಲೆ ಎತ್ತಿಕೊಂಡು ಹಂದರದವರೆಗೆ ಒಯ್ಯಬೇಕು. ನಡುವೆ ಅವಳ ಕಾಲು ನೆಲಕ್ಕೆ ತಾಗಕೂಡದು. ಬಹಳ ಚಂದದ ಪದ್ಧತಿ. ಆದರೆ ಇದನ್ನು ಮಾಡಿಟ್ಟ ಹಿರಿಯರ ಕಾಲದಲ್ಲಿ ಹುಡುಗಿಯರಿಗೆ ಎಂಟು ಹತ್ತು ವರ್ಷಕ್ಕೇ ಮದುವೆಯಾಗುತ್ತಿತ್ತು. ಮುಂದೆ ಸರಕಾರ ಕಾಯದೆ ಮಾಡೀತು, ಹುಡುಗಿಯರು ಹೊಲದಲ್ಲಿ ದುಡಿದು, ರೊಟ್ಟಿ ಉಂಡು, ಇಪ್ಪತ್ತು ತುಂಬಿಸಿಕೊಂಡು ಮದುವೆಯಾದಾರು, ಅಷ್ಟರಲ್ಲಿ ಮಾವಂದಿರ ಮೊಳಕಾಲು ಸಪ್ಪಳ ಮಾಡತೊಡಗಿರುತ್ತವೆ ಎಂಬ ವಿಚಾರ ಆ ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ.

"ನಾ ಅದೀನಲ್ಲರಿ," ಎಂದು ಮೂಲೆಯಿಂದ ಒಂದು ದನಿ ಬಂತು. ಅದು ಅರಕೇರಿಯ ಅಮೋಘಿ. ಶಂಕರೆಪ್ಪನ ದೊಡ್ಡಪ್ಪನ ಮಗ, ಅಂದರೆ ಅವನೂ ಹುಡುಗಿಗೆ ಮಾವನೇ. ಇನ್ನೂ ನಲವತ್ತು ತುಂಬಿರಲಿಲ್ಲ. ಕುರಿ ಕಾಯುವವನು, ಟಗರನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳ ದಾಟುವವನು. "ಅಣ್ಣಗ ತ್ರಾಸ ಆದ್ರ ನಾ ಎತ್ತತೀನಿ. ಅದರಾಗೇನೈತಿ?"

ಗುರಲಿಂಗಪ್ಪನವರು ಅಮೋಘಿಯ ತೋಳು ನೋಡಿದರು, ಶಂಕರೆಪ್ಪನ ಹೊಟ್ಟೆ ನೋಡಿದರು. "ಹಂಗ ಮಾಡ್ರಿ. ಅದ ಚಲೋ," ಅಂದರು.

ಶಂಕರೆಪ್ಪ ಎಲೆ ಅಡಿಕೆಯ ತಟ್ಟೆಯನ್ನು ಯಾರಿಗೂ ಕೊಡದೆ ಎದೆಗವಚಿಕೊಂಡ. ದುಂಡವ್ವನ ಮಗಳು, ಮದುಮಗಳಾಗಲಿದ್ದ ಗುರುಬಾಯಿ ತೊಟ್ಟಿಲಲ್ಲಿದ್ದಾಗಲೇ ಅವಳ ಅಪ್ಪ ತೀರಿಕೊಂಡಿದ್ದ. ಶಂಕರೆಪ್ಪನಿಗೆ ಮಕ್ಕಳಿರಲಿಲ್ಲ. ಆ ಹುಡುಗಿ ನಡೆಯಲು ಕಲಿತದ್ದೇ ತಡವಾಗಿ, ಯಾಕೆಂದರೆ ಮಾವ ಅವಳನ್ನು ಕೆಳಗೆ ಬಿಟ್ಟರಲ್ಲವೇ ನಡೆಯುವುದು? ಅಂಥವಳನ್ನು ಕೊನೆಯ ಸಲ ಎತ್ತುವ ಹಕ್ಕು ಈಗ ಟಗರು ಹೊರುವವನ ಪಾಲಾಗುತ್ತಿತ್ತು. ಶಂಕರೆಪ್ಪನ ಬಾಯಿ ತಾನಾಗಿಯೇ ತೆರೆಯಿತು.

"ಏನಂತ ತಿಳಕೊಂಡೀರಿ ನನ್ನ?" ಅಂದ. "ಹಂದರದ ಮಟ ಅಷ್ಟ ಅಲ್ಲರಿ, ಎತ್ತಿಕೊಂಡು ಹಂದರಕ್ಕ ಒಂದು ಸುತ್ತು ಹಾಕಿ ಆಮ್ಯಾಲೆ ಇಳಸ್ತೀನಿ!"

ಬಾಗಿಲ ಸಂದಿಯಲ್ಲಿ ನಿಂತಿದ್ದ ಗುರುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಹೆದರಿದ್ದಳೋ ತಿಳಿಯಲಿಲ್ಲ. ಗುರಲಿಂಗಪ್ಪನವರು ಮಾತ್ರ ಖುಷಿಯಾಗಿ, "ನೋಡೋಣಂತ. ಯುಗಾದಿ ಮುಗದ ಮ್ಯಾಲೆ ಮದುವಿ. ಆಗದಿದ್ರ ಅಮೋಘಿ ಇದ್ದ ಇರ್ತಾನ," ಅಂದರು.

ಶಂಕರೆಪ್ಪ ವಿಜಾಪುರದ ಮುನಸಿಪಾಲಟಿಯಲ್ಲಿ ಜಕಾತಿ ಕಾರಕೂನ. ತಿಕೋಟೆಯ ರಸ್ತೆಯ ನಾಕಾದಲ್ಲಿ ಒಂದೇ ಕುರ್ಚಿಯ ಮೇಲೆ ಕುಳಿತು, ಊರೊಳಗೆ ಬರುವ ಗಾಡಿಗಳ ಸರಕು ನೋಡಿ ಜಕಾತಿ ವಸೂಲಿ ಮಾಡುತ್ತ ಐವತ್ತನಾಲ್ಕಕ್ಕೆ ಬಂದು ಮುಟ್ಟಿದ್ದ. ಕುಳಿತಲ್ಲಿ ಕೂಡುವ ಮನುಷ್ಯನೇನೂ ಅಲ್ಲ, ಕಾಲು ಸದಾ ಅಲ್ಲಾಡುತ್ತಿತ್ತು, ಕೈ ಸದಾ ಏನನ್ನಾದರೂ ತಡಕುತ್ತಿತ್ತು. ಆದರೆ ಅಷ್ಟರಿಂದ ಹೊಟ್ಟೆ ಕರಗುವುದಿಲ್ಲ. ಅದು ಕುರ್ಚಿಯ ಮೇಲೆ ನೆಮ್ಮದಿಯಾಗಿ ಬೆಳೆದಿತ್ತು.

ತಿಕೋಟೆಯಿಂದ ಬಂದ ದಿನ ಸಂಜೆಯೇ ಅವನು ತನ್ನ ಬಲ ಪರೀಕ್ಷೆ ಮಾಡಲು ಹೊರಟ. ಹೆಂಡತಿ ಸಾವಂತ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನಿಂದ ಬಂದು ಅವಳ ಕಂಕುಳಲ್ಲಿ ಕೈ ಹಾಕಿ ಎತ್ತಲು ನೋಡಿದ.

"ಅಯ್ಯಯ್ಯ! ಯಾರದು?" ಎಂದು ಕೂಗಿ ಅವಳು ಹಿಟ್ಟಿನ ಕೈಯಿಂದ ಅವನ ಮುಖಕ್ಕೆ ಒಂದು ಬಾರಿಸಿದಳು. ತಿರುಗಿ ನೋಡಿದರೆ ಗಂಡ, ಗಲ್ಲದ ತುಂಬ ಜೋಳದ ಹಿಟ್ಟು. "ಹುಚ್ಚ ಹಿಡದೈತೇನು ನಿಮಗ? ಮಂದಿ ನೋಡಿದ್ರ ಏನಂದಾರು?"

"ಎತ್ತಾಕ ಬರತೈತೇನು ಅಂತ ನೋಡಾಕತ್ತಿದ್ದೆ."

"ಈ ವಯಸ್ಸಿನ್ಯಾಗ ಎತ್ತೂದು ಏನೈತಿ? ಆ ಕೊಡಾ ಎತ್ತಿ ಒಳಗ ಇಡ್ರಿ, ಸಾಕು."

ಶಂಕರೆಪ್ಪ ಕೊಡ ಎತ್ತಿದ. ನಿಜ ಹೇಳಬೇಕೆಂದರೆ ಅದೂ ಭಾರವೇ ಅನ್ನಿಸಿತು. ಅಂದು ಅವನಿಗೆ ಊಟ ಸೇರಲಿಲ್ಲ. ಆದರೆ ಈ ಸಂಗತಿ ಯಾರಿಗೂ ಗೊತ್ತಾಗಬಾರದೆಂದು ನಿಶ್ಚಯ ಮಾಡಿದ. ತರಬೇತಿ ಗುಟ್ಟಾಗಿ ನಡೆಯಬೇಕು. ಮದುವೆಯ ದಿನ ಬಬಲೇಶ್ವರದವರ ಕಣ್ಣು ಕುಕ್ಕಬೇಕು.

ಮರುದಿನ ಅಬ್ದುಲಗನಿ ಉಸ್ತಾದರ ತಾಲೀಮಿಗೆ ಹೋದ. ಉಸ್ತಾದರು ಒಂದು ಕಾಲಕ್ಕೆ ಕುಸ್ತಿಯಲ್ಲಿ ಹೆಸರು ಮಾಡಿದವರು. ಈಗ ಗರಡಿಯ ಬಾಗಿಲಲ್ಲಿ ಹೊರಸಿನ ಮೇಲೆ ಮಲಗಿ, ಒಳಗೆ ಲಾಗ ಹಾಕುವ ಹುಡುಗರನ್ನು ಮಲಗಿದಲ್ಲಿಂದಲೇ ಬಯ್ಯುತ್ತಿದ್ದರು. ಶಂಕರೆಪ್ಪ ವಿಷಯ ಹೇಳಿದ.

ಉಸ್ತಾದರು ಅವನ ಹೊಟ್ಟೆಯ ಕಡೆ ನೋಡಿದರು. "ನೋಡು ಬೇಟಾ," ಅಂದರು. "ಇಪ್ಪತ್ತರಾಗ ನಾವು ಹೇಳ್ತೀವಿ, ಮೈ ಕೇಳ್ತೈತಿ. ನಲವತ್ತರಾಗ ನಾವು ಹೇಳ್ತೀವಿ, ಮೈ ವಾದಾ ಹಾಕ್ತೈತಿ. ಐವತ್ತು ದಾಟಿದ ಮ್ಯಾಲೆ ಮೈ ಹೇಳ್ತೈತಿ, ನಾವು ಕೇಳ್ಬೇಕು."

"ನೀವು ಎಪ್ಪತ್ತರಾಗ ಅದೀರಲ್ಲರಿ ಉಸ್ತಾದ? ಈಗ ಏನಂತೈತಿ ನಿಮ್ಮ ಮೈ?"

"ಈಗ ಅದೂ ಮಾತು ಬಿಟ್ಟೈತಿ," ಅಂದರು ಉಸ್ತಾದರು. "ಸ್ವಲ್ಪ ಕೈ ಕೊಡು. ಎದ್ದು ಕೂಡ್ತೀನಿ."

ಶಂಕರೆಪ್ಪ ಕೈ ಕೊಟ್ಟ. ಎದ್ದು ಕುಳಿತ ಮೇಲೆ ಉಸ್ತಾದರು ಹುರುಪಾದರು. ಕಡಲೆ ನೆನೆಹಾಕಿ ತಿನ್ನಬೇಕು, ಬೆಳಿಗ್ಗೆ ಬೈಠಕ ಹೊಡೆಯಬೇಕು, ಮುಖ್ಯವಾಗಿ ಏನು ಎತ್ತಬೇಕೋ ಅದೇ ತೂಕದ ವಸ್ತುವನ್ನು ಅದೇ ರೀತಿಯಲ್ಲಿ ದಿನವೂ ಎತ್ತಬೇಕು, ಎತ್ತಿದ್ದನ್ನು ನಡುವೆ ಇಳಿಸಲೇಕೂಡದು ಎಂದು ಅಪ್ಪಣೆ ಮಾಡಿದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ಬೆನ್ನು ಹುಷಾರು."

ಶಂಕರೆಪ್ಪ ಮೊದಲಿನದೆಲ್ಲ ಕೇಳಿಸಿಕೊಂಡ. ಕೊನೆಯದು ಕೇಳಿಸಿಕೊಳ್ಳಲಿಲ್ಲ.

ಅದೇ ತೂಕ ಅಂದರೆ ಗುರುಬಾಯಿಯ ತೂಕ. ತಿಕೋಟೆಯ ಸಂತೆಯ ದಿನ ಅವಳನ್ನು ಬಳೆ ಕೊಡಿಸುತ್ತೇನೆಂದು ಕರೆದೊಯ್ದು, ಅಡತಿ ಅಂಗಡಿಯ ಚೀಲ ತೂಗುವ ದೊಡ್ಡ ತಕ್ಕಡಿಯ ಮುಂದೆ ನಿಲ್ಲಿಸಿ, "ಸುಮ್ನ ಇದರಾಗ ಕೂಡವಾ, ಒಂದು ಗಮ್ಮತ್ತು ನೋಡೂಣು," ಅಂದ.

"ಮಾಮಾ, ನನ್ನೇನು ಮಾರಾಕ ತಂದೀಯೇನು?" ಎಂದು ಗುರುಬಾಯಿ ನಕ್ಕು, ನಕ್ಕುಕೊಂಡೇ ಕುಳಿತಳು. ಅತ್ತ ಕಡೆ ಕಲ್ಲಿನ ಮೇಲೆ ಕಲ್ಲು ಬಿದ್ದವು. ಜೋಳದ ಅರ್ಧ ಚೀಲವಾದೀತೆಂದು ಅಂದಾಜು ಮಾಡಿಕೊಂಡು ಹೋಗಿದ್ದ ಶಂಕರೆಪ್ಪನ ಮೋರೆ ಸಣ್ಣದಾಗುತ್ತ ಹೋಯಿತು. ಆದರೂ ಅವಳಿಗೆ ಬಳೆ ಕೊಡಿಸಿದ, ಮೇಲೆ ಖಾರ ಚುಮ್ಮರಿಯನ್ನೂ ಕೊಡಿಸಿದ. ಅವಳು ತಿನ್ನುವುದನ್ನು ನೋಡುವಾಗ ಮಾತ್ರ, ಇನ್ನು ಮದುವೆಯ ತನಕ ಇವಳು ಸ್ವಲ್ಪ ಕಡಿಮೆ ಉಂಡರೆ ಒಳ್ಳೆಯದಿತ್ತು ಎಂದು ಒಂದು ಕೆಟ್ಟ ವಿಚಾರ ಬಂದು ಹೋಯಿತು.

ವಿಜಾಪುರಕ್ಕೆ ಬಂದು ಹಿತ್ತಲಲ್ಲಿ ಒಂದು ಗೋಣಿಚೀಲಕ್ಕೆ ಅದೇ ಅಂದಾಜಿಗೆ ಮರಳು ತುಂಬಿದ. ಬರಿಯ ಗೋಣಿ ಕೈಗೆ ಚುಚ್ಚುತ್ತದೆ. ಅದೂ ಅಲ್ಲದೆ ಮದುಮಗಳು ಗೋಣಿ ಉಟ್ಟಿರುವುದಿಲ್ಲ, ಸೀರೆ ಉಟ್ಟಿರುತ್ತಾಳೆ, ಸೀರೆ ಜಾರುತ್ತದೆ. ಹಾಗಾಗಿ ಸಾವಂತ್ರವ್ವನ ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆದು ಚೀಲಕ್ಕೆ ಸುತ್ತಿದ. ನಸುಕಿನಲ್ಲಿ ಓಣಿ ಏಳುವ ಮೊದಲು ಅದನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ಹೋಗುವುದು, ತಿರುಗಿ ಬರುವುದು. ಮೊದಲ ದಿನ ಮನೆಯ ಕಟ್ಟೆ ದಾಟಲಿಲ್ಲ. ನಾಲ್ಕಾರು ದಿನಕ್ಕೆ ನಲ್ಲಿಯವರೆಗೆ ಮುಟ್ಟಿದ. ಪಕ್ಷ ಕಳೆಯುವಷ್ಟರಲ್ಲಿ ಓಣಿಯ ತುದಿ ಕಂಡ. ಮೈಕೈ ನೋವಿನಿಂದ ನಾಕಾದ ಕುರ್ಚಿಯಲ್ಲಿ ನರಳುತ್ತಿದ್ದರೂ ಒಳಗೊಳಗೇ ಹಿಗ್ಗುತ್ತಿದ್ದ.

ಈಗ ಎದುರುಮನೆಯ ಹಾಜಿರಾಬಿಯ ಕಡೆ ಬರೋಣ. ಟಾಂಗಾ ಹೊಡೆಯುವ ಬಾಬುಸಾಬನ ಹೆಂಡತಿ. ನಸುಕಿನಲ್ಲಿ ಮಾಳಿಗೆಯ ಮೇಲಿಂದ ಕುದುರೆಗೆ ಹುಲ್ಲು ಇಳಿಸುವುದು ಅವಳ ಕೆಲಸ. ಆ ಹೊತ್ತಿಗೆ ಶಂಕರೆಪ್ಪ ಚೀಲ ಎತ್ತಿಕೊಂಡು ಹೊರಗೆ ಹೋಗುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ಅವನು ತಿರುಗಿ ಬರುವ ಹೊತ್ತಿಗೆ ಅವಳು ಕೆಳಗಿಳಿದು ಒಲೆ ಹೊತ್ತಿಸುತ್ತಿದ್ದಳು. ಹೀಗಾಗಿ ಅವಳ ಲೆಕ್ಕದಲ್ಲಿ ಶಂಕರೆಪ್ಪನ ಮನೆಯಿಂದ ದಿನಕ್ಕೊಂದು ಚೀಲ ಹೊರಗೆ ಹೋಗುತ್ತಿತ್ತು, ಒಂದೂ ತಿರುಗಿ ಬರುತ್ತಿರಲಿಲ್ಲ. ಅದೂ ಸೀರೆ ಮುಚ್ಚಿಕೊಂಡು!

ಅವು ಜೋಳದ ಮೇಲೆ ಸರಕಾರ ಕಣ್ಣಿಟ್ಟಿದ್ದ ದಿನಗಳು. ತಾಲೂಕಿನಿಂದ ತಾಲೂಕಿಗೆ ಧಾನ್ಯ ಸಾಗಿಸುವಂತಿಲ್ಲ, ರೇಶನ್ ಅಂಗಡಿಯ ಮುಂದೆ ಸಾಲು, ಸಾಲಿನ ತುದಿ ಮುಟ್ಟಿದರೆ ಕೆಂಪು ಜೋಳ. ಅಂಥದರಲ್ಲಿ ಜಕಾತಿ ನಾಕಾದ ಕಾರಕೂನನ ಮನೆಯಿಂದ ದಿನಕ್ಕೊಂದು ಚೀಲ ಹೊರಟರೆ ಓಣಿ ಸುಮ್ಮನಿದ್ದೀತೇ?

ಒಂದು ದಿನ ಬಾಬುಸಾಬ ನಾಕಾಕ್ಕೆ ಬಂದು ಟಾಂಗಾ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ, ಶಂಕರೆಪ್ಪನ ಕಿವಿಗೆ ಬಾಯಿ ಹಚ್ಚಿದ. "ಅಣ್ಣಾ, ನಿಮ್ಮ ನಸುಕಿನ ಕೆಲಸ ನಮಗ ಗೊತ್ತಾಗೈತ್ರಿ."

ಶಂಕರೆಪ್ಪ ಬೆವರಿದ. "ಯಾರು ಹೇಳಿದರಪಾ?"

"ಓಣಿಗೆಲ್ಲ ಗೊತ್ತೈತ್ರಿ."

"ಬಾಬುಸಾಬ, ನಿನ್ನ ಕಾಲು ಬೀಳ್ತೀನಿ. ಬಬಲೇಶ್ವರದವರಿಗೆ ತಿಳಿದ್ರ ನನ್ನ ಮಾನ ಹೋಗತೈತಿ."

"ಬಬಲೇಶ್ವರದ ಮಟ ಹಬ್ಬೈತ್ರಿ ಇದು?" ಬಾಬುಸಾಬನ ಕಣ್ಣು ಅಗಲವಾದವು.

"ಇದರ ಮೂಲಾನ ಅಲ್ಲೈತೋ ಮಾರಾಯಾ."

"ಒಬ್ಬರಿಗೇ ಯಾಕ್ರಿ ಇಷ್ಟು ತ್ರಾಸ? ನನ್ನ ಟಾಂಗಾ ಐತಿ. ನನಗೂ ಒಂದೀಟು ಪಾಲು ಇರ್ಲಿ."

ಶಂಕರೆಪ್ಪನಿಗೆ ಸಿಟ್ಟು ಬಂತು. "ಇದರಾಗ ಪಾಲು ಎಲ್ಲೀದು? ಇದು ನನ್ನ ಹಕ್ಕು. ನಾ ಒಬ್ಬಾಂವ ಎತ್ತಬೇಕು. ಅಮೋಘಿಗೇ ಬಿಟ್ಟುಕೊಟ್ಟಿಲ್ಲ, ಇನ್ನ ನಿನಗ ಕೊಡ್ತೀನೇನು?"

ಬಾಬುಸಾಬ ಬಾಯಿ ಮುಚ್ಚಿಕೊಂಡು ಹೋದ. ಸಂಜೆಯೊಳಗೆ ಓಣಿಯಲ್ಲಿ ಸುದ್ದಿ ತಯಾರಾಯಿತು: ಶಂಕರೆಪ್ಪನ ಕಾಳಸಂತೆ ಬಬಲೇಶ್ವರದವರೆಗೆ ಹಬ್ಬಿದೆ, ಅಮೋಘಿ ಎಂಬ ಇನ್ನೊಬ್ಬ ದೊಡ್ಡ ವ್ಯಾಪಾರಿಗೂ ಅವನಿಗೂ ಪೈಪೋಟಿ ಇದೆ, ಬಡವರಿಗೆ ಒಂದು ಸೇರೂ ಬಿಡುವುದಿಲ್ಲವಂತೆ. ಈ ಕೊನೆಯ ಮಾತಿಗೆ ಓಣಿಯ ಹೆಂಗಸರು ಬಹಳ ಸಿಟ್ಟಾದರು.

ಹೀಗೆ ಒಂದು ನಸುಕಿನಲ್ಲಿ, ಶಂಕರೆಪ್ಪ ಸೀರೆ ಸುತ್ತಿದ ಚೀಲವನ್ನು ಎದೆಗವಚಿಕೊಂಡು ಓಣಿಯ ತುದಿ ಮುಟ್ಟಿದಾಗ, ಧಾನ್ಯ ಇಲಾಖೆಯ ಇನ್ಸ್‌ಪೆಕ್ಟರ್ ಜಿಲಾನಿ ಸಾಹೇಬರು ಇಬ್ಬರು ಪಟ್ಟೇವಾಲ ಜವಾನರನ್ನು ಕರೆದುಕೊಂಡು ಗೋಡೆಯ ಮರೆಯಿಂದ ಹೊರಗೆ ಬಂದರು.

"ನಿಲ್ಲು! ಇಳಸು ಕೆಳಗ!"

"ಇಳಸಂಗಿಲ್ಲರಿ," ಅಂದ ಶಂಕರೆಪ್ಪ, ಏದುಸಿರು ಬಿಡುತ್ತ.

"ಯಾಕ ಇಳಸಂಗಿಲ್ಲ?"

"ನಡುವ ನೆಲಕ್ಕ ಹಚ್ಚಬಾರದರಿ. ನಮ್ಮ ಮನೆತನದ ಪದ್ಧತಿ."

"ಮನೆತನದಿಂದ ನಡಕೊಂಡು ಬಂದೈತೇನು ಈ ಧಂದೆ!" ಎಂದು ಸಾಹೇಬರು ದಂಗಾದರು. ಅಷ್ಟರಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದವು. ಹಾಜಿರಾಬಿ ಮಾಳಿಗೆಯಿಂದ, "ಇವ್ರ ನೋಡ್ರಿ, ಇವ್ರ! ದಿನಾ ಒಂದು!" ಎಂದು ಸಾಕ್ಷಿ ನುಡಿದಳು. ಸಾವಂತ್ರವ್ವ ಓಡಿ ಬಂದಳು. ಗಂಡನ ಸುತ್ತ ಸರಕಾರ ನಿಂತಿದ್ದನ್ನು ನೋಡಲಿಲ್ಲ, ಚೀಲ ನೋಡಿದಳು.

"ನನ್ನ ಸೀರಿ! ನನ್ನ ತವರಿನ ಸೀರಿ ಗೋಣಿಚೀಲಕ್ಕ ಉಡಿಸೀರಿ! ಸಾಹೇಬ್ರ, ಇವರನ್ನ ಒಯ್ದು ಒಳಗ ಹಾಕ್ರಿ!"

ಪಟ್ಟೇವಾಲ ಚೀಲದ ಹೊಲಿಗೆಗೆ ಚಾಕು ಹಾಕಿದ. ಸುರ್ರೆಂದು ಮರಳು ಸುರಿಯಿತು. ಎಲ್ಲರೂ ಬಾಗಿ ನೋಡಿದರು. ಜೋಳದ ಒಂದು ಕಾಳೂ ಇಲ್ಲ. ಜಿಲಾನಿ ಸಾಹೇಬರು ಮಾತ್ರ ಸೋಲುವ ಗಿರಾಕಿಯಾಗಿರಲಿಲ್ಲ. ಅವರು ಮರಳನ್ನು ಬೆರಳಿನಲ್ಲಿ ಉಜ್ಜಿ, ಕನ್ನಡಕ ಏರಿಸಿ, "ಹಂಗಾದ್ರ ಜೋಳದಾಗ ಉಸುಕು ಕಲಸವರು ನೀವ!" ಅಂದರು. ರೇಶನ್ ಜೋಳದಲ್ಲಿ ಮರಳು ಅಗಿದು ಹಲ್ಲು ಅಲುಗಿದವರು ಓಣಿಯಲ್ಲಿ ಬಹಳ ಮಂದಿ ಇದ್ದರು. ಅವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು.

ಇನ್ನು ಗುಟ್ಟು ಉಳಿಸಿಕೊಳ್ಳುವಂತಿರಲಿಲ್ಲ. ಶಂಕರೆಪ್ಪ ಎಲ್ಲ ಹೇಳಿದ. ಬೀಗರು, ಮೊಳಕಾಲು, ಅಮೋಘಿ, ತಕ್ಕಡಿ, ಉಸ್ತಾದರು, ಎಲ್ಲ. ಜಿಲಾನಿ ಸಾಹೇಬರು ಕೇಳಿ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನಕ್ಕರು.

"ಇದನ್ನ ಕೋರ್ಟಿನ್ಯಾಗ ಯಾರು ನಂಬತಾರ್ರಿ? ಈ ವಯಸ್ಸಿನ್ಯಾಗ, ಈ ಹೊಟ್ಟಿ ಹೊತಗೊಂಡು, ನೀವು ಬೆಳದ ಹುಡುಗೀನ ಎತ್ತತೀರಿ?"

ಕಳ್ಳ ಎಂದಿದ್ದರೆ ಶಂಕರೆಪ್ಪ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಿಲ್ಲ. "ನಂಬಂಗಿಲ್ಲೇನ್ರಿ?" ಅಂದ. ಮರುಗಳಿಗೆಯಲ್ಲಿ ಸಾಹೇಬರ ಮೊಳಕಾಲ ಹಿಂದೆ ಒಂದು ಕೈ, ಬೆನ್ನ ಹಿಂದೆ ಒಂದು ಕೈ ಹಾಕಿ, "ಹುಪ್!" ಎಂದು ಎತ್ತಿಬಿಟ್ಟ. ಸಾಹೇಬರ ಟೋಪಿ ಬಿತ್ತು. ಅವರೂ ಹಗುರಾದ ಆಳೇನಲ್ಲ. ಆದರೆ ಶಂಕರೆಪ್ಪ ಅವರನ್ನು ಎತ್ತಿಕೊಂಡು ನಲ್ಲಿಯ ತನಕ ಹೋದ, ನಲ್ಲಿಯನ್ನು ಸುತ್ತು ಹಾಕಿದ, ತಿರುಗಿ ಬಂದ.

"ನಂಬಿದೆ, ನಂಬಿದೆ! ಇಳಸ್ರಿ ಮಾರಾಯರ!" ಎಂದು ಸಾಹೇಬರು ಅವನ ಕುತ್ತಿಗೆ ಗಟ್ಟಿಯಾಗಿ ಅಪ್ಪಿಕೊಂಡು ಕೂಗುತ್ತಿದ್ದರು. ಓಣಿ ಚಪ್ಪಾಳೆ ಹೊಡೆಯಿತು. ಹಾಜಿರಾಬಿ ಮಾಳಿಗೆಯ ಮೇಲೆ, "ನಾ ಮೊದಲ ಹೇಳಿದ್ದೆ, ಅವ್ರು ಅಂಥ ಮನಶಾ ಅಲ್ಲ," ಎಂದು ಯಾರಿಗೋ ಹೇಳುತ್ತಿದ್ದಳು.

ಈ ಸುದ್ದಿ ವಿಜಾಪುರದ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋಯಿತು. ಹೋಗುವ ದಾರಿಯಲ್ಲಿ ಅದೂ ಸ್ವಲ್ಪ ತರಬೇತಿ ತೆಗೆದುಕೊಂಡಿತು. ಗುರಲಿಂಗಪ್ಪನವರ ಕಿವಿ ಮುಟ್ಟುವಷ್ಟರಲ್ಲಿ ಶಂಕರೆಪ್ಪ ಒಂದು ಕೈಯಲ್ಲಿ ಇನ್ಸ್‌ಪೆಕ್ಟರನನ್ನೂ ಇನ್ನೊಂದರಲ್ಲಿ ಪಟ್ಟೇವಾಲನನ್ನೂ ಎತ್ತಿದ್ದ. ಹೀಗಾಗಿ ಮದುವೆಗೆ ಬೀಗರ ಕಡೆಯಿಂದ ಕರೆದವರಲ್ಲದೆ ಕರೆಯದವರೂ ಬಂದರು. ಜಿಲಾನಿ ಸಾಹೇಬರೂ ಬಂದು ಮುಂದಿನ ಸಾಲಿನಲ್ಲಿ ಕುಳಿತು, "ನಾನ ಆ ಇನ್ಸ್‌ಪೆಕ್ಟರ್," ಎಂದು ಪಕ್ಕದವರಿಗೆ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು.

ಹಂದರ ಹಾಕಿದ್ದು ತಿಕೋಟೆಯಲ್ಲಿ, ದುಂಡವ್ವನ ಓಣಿಯ ತುದಿಯ ಗುಡಿಯ ಮುಂದೆ. ಮದುವೆ ಮಾಡಿಸುವ ಅಯ್ಯನವರು ಅಕ್ಕಿಕಾಳು ಹಾಕುವ ಹೊತ್ತಾಯಿತೆಂದು ಕೂಗಿದರು. ವರ ಗುರಣ್ಣ, ಹೊನವಾಡದ ಸಾಲೆಯ ಮಾಸ್ತರ, ಬಾಸಿಂಗ ಕಟ್ಟಿಕೊಂಡು ನಿಂತ. ಶಂಕರೆಪ್ಪ ಹೊಸ ಪಟಕಾ ಸುತ್ತಿಕೊಂಡು ಮನೆಯೊಳಗೆ ಹೋದ. ಹಿಂದಿನ ದಿನವಿಡೀ ಬೀಗರಿಗೆ ಹಾಸಿಗೆ, ನೀರು ಎಂದು ಓಡಾಡಿ ಅವನ ನಡು ಸ್ವಲ್ಪ ಚುಳ್ ಎನ್ನುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗುರುಬಾಯಿ ಹಸಿರು ಬಳೆ ತೊಟ್ಟು, ತಲೆ ತಗ್ಗಿಸಿ ನಿಂತಿದ್ದಳು. "ಮಾಮಾ, ಆಗತೈತೇನು?" ಎಂದು ಮೆಲ್ಲಗೆ ಕೇಳಿದಳು.

"ಆಗದ ಏನು? ಹೂಂ, ಬಾ."

ಎತ್ತಿದ. ಎತ್ತಿದ್ದೇ ತಡ, ಮರಳಿಗೂ ಮಗಳಿಗೂ ಎಷ್ಟು ಫರಕು ಎಂದು ತಿಳಿಯಿತು. ಚೀಲ ಕುತ್ತಿಗೆಗೆ ಕೈ ಹಾಕುವುದಿಲ್ಲ. ಅವಳು ಚಿಕ್ಕವಳಿದ್ದಾಗ ಹಾಕುತ್ತಿದ್ದಂತೆಯೇ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡಳು. ಶಂಕರೆಪ್ಪ ಅವಳನ್ನು ಇನ್ನಷ್ಟು ಅವಚಿಕೊಂಡ. ಹೊಸ್ತಿಲು ದಾಟಿದ. ಹಲಗೆಯವರು ಬಾರಿಸಿದರು. ದಾರಿ ಬಿಡಿಸುತ್ತ ಅಮೋಘಿ ಮುಂದೆ ನಡೆದ. ಜನ ಹೋ ಎಂದರು. ಓಣಿಯ ಅರ್ಧ ದಾರಿಗೆ ಬಂದಾಗ ಅವನ ಬೆನ್ನಿನಲ್ಲಿ ಏನೋ ಚಳಕ್ ಎಂದಿತು.

ಅಷ್ಟೇ. ಶಂಕರೆಪ್ಪ ನಿಂತ. ಮುಂದೆ ಹೋಗಲಿಲ್ಲ, ಹಿಂದೆ ಹೋಗಲಿಲ್ಲ, ಬಾಗಲಿಲ್ಲ, ಏಳಲಿಲ್ಲ. ಕೈ ಮಾತ್ರ ಬಿಗಿಯಾಗಿದ್ದವು.

"ಯಾಕ ನಿಂತರು?" ಅಂದರು ಯಾರೋ.

"ನಿಲ್ಲದ ಏನು? ಆಟ ತೋರಿಸಾಕತ್ತಾರ!" ಎಂದು ಜಿಲಾನಿ ಸಾಹೇಬರು ಎದ್ದು ನಿಂತು ವಿವರಿಸಿದರು. "ನನ್ನನ್ನೂ ಹಿಂಗ ಹಿಡಕೊಂಡಿದ್ದರು! ನಿಂತ ನಿಲುವಿಗೆ ಎತ್ತಿ ಹಿಡಿಯೋದು ನಡಿಯೋದಕ್ಕಿಂತ ಕಠಿಣ ಐತ್ರಿ!"

ಜನರಿಗೆ ಅದು ಸರಿಕಂಡಿತು. ಸಿಳ್ಳು ಬಿದ್ದವು. ಹಲಗೆಯವರು ಜೋರು ಮಾಡಿದರು. ಶಂಕರೆಪ್ಪ ನಿಂತಷ್ಟೂ ಅವನ ಕೀರ್ತಿ ಬೆಳೆಯಿತು. ಅವನ ಹಣೆಯ ಮೇಲೆ ಬೆವರು ಹನಿಹನಿಯಾಗಿ ಇಳಿಯುತ್ತಿದ್ದುದನ್ನು ನೋಡಿದವಳು ಕೈಮೇಲಿದ್ದವಳೊಬ್ಬಳೇ.

"ಮಾಮಾ, ಏನಾತು?" ಎಂದು ಕಿವಿಯಲ್ಲಿ ಕೇಳಿದಳು.

"ಬೆನ್ನು ಹಿಡದೈತವಾ. ಹೆಜ್ಜಿ ಏಳವಲ್ದು."

"ಅಮೋಘಿಮಾಮಾನ ಕರೀಲೇನು?"

"ಬ್ಯಾಡ. ಈ ಒಂದು ದಿನಾ ನಾನ ಎತ್ತತೀನವಾ. ನಾಳಿಗಿ ಯಾರ ಎತ್ತಿದ್ರೇನು?"

ಗುರುಬಾಯಿ, ಮದುಮಗಳು ತಲೆ ಎತ್ತಬಾರದೆಂಬುದನ್ನು ಮರೆತು, ತಲೆ ಎತ್ತಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಮಾಮಾ ಮುಂದ ಬರೂದಿಲ್ಲಂತ! ಹೆಣ್ಣು ಬೇಕಾದ್ರ ಹಂದರಾನ ಇಲ್ಲಿಗೆ ಬರಬೇಕಂತ!"

ಹಲಗೆ ನಿಂತಿತು. ಎಲ್ಲರೂ ಗುರಲಿಂಗಪ್ಪನವರ ಮೋರೆ ನೋಡಿದರು. ಇಂಥ ಸೊಕ್ಕಿನ ಮಾತು ಅವರು ಎಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ಅವರ ಮೀಸೆ ಕುಣಿಯಿತು. ದುಂಡವ್ವ ಕಣ್ಣು ಮುಚ್ಚಿಕೊಂಡಳು. ಮದುವೆ ಮುರಿಯಿತೆಂದೇ ತಿಳಿದಳು.

"ಭಲೇ!" ಎಂದು ಗುರಲಿಂಗಪ್ಪನವರು ಗುಡುಗಿದರು. "ಹೆಣ್ಣು ಕೊಡವರ ಗತ್ತು ಅಂದ್ರ ಹಿಂಗಿರಬೇಕು! ಏ, ನಾಕು ಮಂದಿ ಧೋತರ ಹಿಡೀರಿ. ಅವರು ನಿಂತಲ್ಲೇ ಹಂದರ!"

ಅಮೋಘಿ ಮತ್ತು ಇನ್ನು ಮೂವರು ಹೊಸ ಧೋತರದ ನಾಲ್ಕು ಚುಂಗು ಹಿಡಿದು ಶಂಕರೆಪ್ಪನ ತಲೆಯ ಮೇಲೆ ಎತ್ತಿದರು. ಅಯ್ಯನವರು ಓಡಿ ಬಂದರು. ವರ ಓಡಿ ಬಂದ. ಅದರ ಕೆಳಗೆ ಗುರುಬಾಯಿ ತಾನಾಗಿಯೇ ಮೆಲ್ಲಗೆ ಜಾರಿ ಕಾಲೂರಿ ನಿಂತಳು. ಅಕ್ಕಿಕಾಳು ಬಿದ್ದವು. ಅರ್ಧ ಮದುಮಕ್ಕಳ ಮೇಲೆ ಬಿದ್ದರೆ ಅರ್ಧ ನಡುವೆ ಚಾಚಿದ್ದ ಎರಡು ಖಾಲಿ ಕೈಗಳ ಮೇಲೆ ಬಿದ್ದವು. ಶಂಕರೆಪ್ಪನ ಕೈ ಇನ್ನೂ ಎತ್ತಿಕೊಂಡ ರೀತಿಯಲ್ಲೇ ಇದ್ದವು.

ತಾಳಿ ಕಟ್ಟಿದ ಮೇಲೆ ಗುರಣ್ಣ ಹೆಂಡತಿಯ ಕೈ ಹಿಡಿದು ಗುಡಿಯ ಕಡೆ ನಡೆದ. ಅವಳು ಎರಡು ಸಲ ಹಿಂದಿರುಗಿ ನೋಡಿದಳು, ಆಮೇಲೆ ಹೆಂಗಸರ ಗುಂಪಿನಲ್ಲಿ ಕಾಣಲಿಲ್ಲ. ಜನ ಊಟದ ಕಡೆ ಓಡಿದರು. ಶಂಕರೆಪ್ಪ ಮಾತ್ರ ಓಣಿಯ ನಡುವೆ, ಬಾಗಿ, ಕೈ ಚಾಚಿ ನಿಂತೇ ಇದ್ದ. ಮೊದಲು ತಿಳಿದದ್ದು ಸಾವಂತ್ರವ್ವನಿಗೆ.

"ಅಯ್ಯ, ಬೆನ್ನು ಹಿಡದೈತಿ ಇವರಿಗೆ! ಬರ್ರಿ ಯಾರರ!"

ಅಮೋಘಿ ಓಡಿ ಬಂದು, ಏನೂ ಕೇಳದೆ, ಅಣ್ಣನನ್ನು ಟಗರು ಎತ್ತಿದಂತೆ ಎತ್ತಿ ಹೊರಸಿನ ಮೇಲೆ ತಂದು ಮಲಗಿಸಿದ. ಅವನ ಕೈ ಬೇಡವೆನ್ನಲು ಶಂಕರೆಪ್ಪನಲ್ಲಿ ತ್ರಾಣವಿರಲಿಲ್ಲ. ಉಪ್ಪಿನ ಗಂಟು ಕಾಯಿಸಿ ತಂದರು. ಗುರಲಿಂಗಪ್ಪನವರು ಬಂದು, ಎಲ್ಲ ತಿಳಿದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಜಿಲಾನಿ ಸಾಹೇಬರೂ ನಕ್ಕರು. ಅಮೋಘಿ ನಗುತ್ತಲೇ ಬೆನ್ನು ಕಾಯಿಸತೊಡಗಿದ. ಶಂಕರೆಪ್ಪನಿಗೂ ನಗು ಬಂತು. ನಗುತ್ತ ನಗುತ್ತ ಅವನ ಕಣ್ಣಿನಿಂದ ನೀರು ಸುರಿಯತೊಡಗಿತು, ನಿಲ್ಲಲಿಲ್ಲ.

ನಗುತ್ತಿದ್ದವರೆಲ್ಲ ಗಾಬರಿಯಾದರು. "ಏನ್ರಿ ಶಂಕರೆಪ್ಪ, ಬೆನ್ನು ಅಷ್ಟು ನೋಯ್ತೈತೇನ್ರಿ?" ಎಂದು ಜಿಲಾನಿ ಸಾಹೇಬರು ಬಾಗಿ ಕೇಳಿದರು.

"ಹೌದ್ರಿ ಸಾಹೇಬ್ರ," ಅಂದ ಶಂಕರೆಪ್ಪ. "ಭಾಳ ನೋಯಾಕತ್ತೈತಿ."

ಅಮೋಘಿ ಇನ್ನೊಂದು ಉಪ್ಪಿನ ಗಂಟು ತರಲು ಓಡಿದ. ಸಾವಂತ್ರವ್ವ ಬೆನ್ನಿನ ಗೊಡವೆಗೆ ಹೋಗಲಿಲ್ಲ. ಹೊರಸಿನ ಪಕ್ಕ ಕುಳಿತು, ಗಂಡನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.